ನೆಲಮಾಳಿಗೆಯ ಫ್ರೆಂಚು

ನನಗೊಂದು ಅಭ್ಯಾಸವಿದೆ. ಇಸ್ಪೀಟು, ನಶ್ಯ ಮುಂತಾದ ಗಣ್ಯ ಅಭ್ಯಾಸಗಳ ಪಂಕ್ತಿಯಲ್ಲಿ ಅದಕ್ಕೆ ಮಣೆ ಸಿಗುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಯಾರಾದರೂ ಗಟ್ಟಿಯಾಗಿ ಒಂದು ವಾಕ್ಯ ಹೇಳಿ ನಿಲ್ಲಿಸಿದರೆ ನನ್ನ ತುಟಿ ತಾನಾಗಿ ಅದನ್ನು ಇನ್ನೊಮ್ಮೆ ಹೇಳುತ್ತದೆ. ವಾಷಿಂಗ್ಟನ್ನಿನ ಮೆಟ್ರೋ ರೈಲಿನಲ್ಲಿ ಪ್ರತಿ ನಿಲ್ದಾಣದಲ್ಲೂ ಬಾಗಿಲು ಮುಚ್ಚುತ್ತಿದೆ ಎಂದು ಒಂದು ದನಿ ಸಾರುತ್ತದಲ್ಲ, ಕಂಬ ಹಿಡಿದು ನಿಂತ ನಾನು ಅದರ ಹಿಂದೆಯೇ ಮೆಲ್ಲಗೆ ಅದನ್ನೇ ಹೇಳುತ್ತೇನೆ. ಪಕ್ಕದವರು ಕೊಂಚ ದೂರ ಸರಿಯುತ್ತಾರೆ. ಜನ ತುಂಬಿದ ಹೊತ್ತಿನಲ್ಲಿ ಇದರಿಂದ ಅನುಕೂಲವೂ ಇದೆಯೆನ್ನಿ.

ನನ್ನ ಹೆಂಡತಿಗೆ ಮಾತ್ರ ಈ ಅನುಕೂಲ ಕಾಣುವುದಿಲ್ಲ. "ರೀ, ಯಾರಾದ್ರೂ ನಿಮ್ಮನ್ನ ಹಾಸ್ಪಿಟಲ್‌ಗೆ ಅಡ್ಮಿಟ್ ಮಾಡಿಬಿಡ್ತಾರೆ ನೋಡ್ತಿರಿ. ಆಮೇಲೆ ನಾನು ವೀಕೆಂಡ್ ಪೂರ್ತಿ ಡ್ರೈವ್ ಮಾಡ್ಕೊಂಡು ಬರ್ಬೇಕು" ಎನ್ನುತ್ತಾಳೆ. ಆಸ್ಪತ್ರೆಗಿಂತ ಅವಳಿಗೆ ಡ್ರೈವಿಂಗಿನ ಚಿಂತೆ.

ಈ ಅಭ್ಯಾಸದ ಮೂಲ ಮೈಸೂರಿನ ಒಂದು ಪ್ರಾಥಮಿಕ ಶಾಲೆ. ನಮ್ಮ ಮೇಷ್ಟ್ರು ಬೆತ್ತವನ್ನು ಕಿಟಕಿಯ ಸರಳಿಗೆ ಒರಗಿಸಿ, ಕಣ್ಣು ಮುಚ್ಚಿ, "ಏಳೊಂದ್ಲಿ ಏಳು" ಎಂದು ಅಪ್ಪಣೆ ಕೊಡಿಸುತ್ತಿದ್ದರು. ನಾವು ಹೆಂಚು ಹಾರುವ ಹಾಗೆ ಅದನ್ನೇ ಕೂಗುತ್ತಿದ್ದೆವು. ಮಗ್ಗಿ ಮುಗಿಯುವ ಹೊತ್ತಿಗೆ ಮೇಷ್ಟ್ರಿಗೆ ಸಣ್ಣ ನಿದ್ದೆ ಬಂದಿರುತ್ತಿತ್ತು, ನಮಗೆ ಗಣಿತ ಬಂದಿರುತ್ತಿತ್ತು. ಹಾಗೆಂದು ಉಭಯ ಪಕ್ಷದವರೂ ನಂಬಿದ್ದೆವು. ಆದರೆ ಒಬ್ಬನನ್ನೇ ಎಬ್ಬಿಸಿ "ಏಳೆಂಟ್ಲಿ ಎಷ್ಟೋ?" ಎಂದರೆ ಮುಗಿಯಿತು. ಅವನು ಒಂದರಿಂದ ಹೊರಟು, ತುಟಿ ಅಲ್ಲಾಡಿಸುತ್ತ, ಎಲ್ಲ ಮೆಟ್ಟಿಲೂ ಹತ್ತಿಯೇ ಐವತ್ತಾರಕ್ಕೆ ಬರಬೇಕು. ನಾನು ಈಗಲೂ ಹಾಗೆಯೇ ಬರುತ್ತೇನೆ. ಅಂಥವನಿಗೆ ಅಂಕಿಅಂಶಗಳ ವಿಭಾಗದಲ್ಲಿ ಕೆಲಸ ಕೊಟ್ಟರಲ್ಲ, ಲೋಕದ ಆರ್ಥಿಕ ಸ್ಥಿತಿ ಹೀಗಿರುವುದರಲ್ಲಿ ಆಶ್ಚರ್ಯವೇನಿದೆ.

ಈ ಮಗ್ಗಿಯ ನೆನಪು ಬಂದಾಗಲೆಲ್ಲ ಅದರ ಹಿಂದೆಯೇ ಒಂದು ಹ್ಯಾಟು ಬರುತ್ತದೆ, ಹ್ಯಾಟಿನ ಕೆಳಗೆ ಮಿಸೆಸ್ ಪ್ರೂಯಿಟ್ ಬರುತ್ತಾರೆ.

ತೊಂಬತ್ತರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದುದು ವಾಷಿಂಗ್ಟನ್ನಿನ ನಡುಮಧ್ಯೆ, ದೇಶವಿದೇಶಗಳ ವ್ಯವಹಾರ ನೋಡುವ ಒಂದು ಭಾರಿ ಕಚೇರಿಯಲ್ಲಿ. ಒಂದು ಕೋಷ್ಟಕದ ಅಂಕಿಗಳನ್ನು ಇನ್ನೊಂದು ಕೋಷ್ಟಕಕ್ಕೆ ಸಾಗಿಸುವುದು ನನ್ನ ಕೆಲಸ. ಎತ್ತಿನಗಾಡಿಯ ಕೆಲಸವೇ, ಹವಾನಿಯಂತ್ರಿತ ಅಷ್ಟೆ. ಆ ಕಟ್ಟಡದ ಒಂದು ವಿಚಿತ್ರ ಹೇಳಬೇಕು. ಎಲಿವೇಟರಿನಲ್ಲಿ ಮೇಲೆ ಹೋದಂತೆಲ್ಲ ಭಾಷೆಗಳು ಹೆಚ್ಚುತ್ತಿದ್ದವು. ಮೇಲಿನ ಮಹಡಿಗಳಲ್ಲಿ ಫ್ರೆಂಚು, ಸ್ಪ್ಯಾನಿಷು, ಅರಬ್ಬಿ. ಒಂದೇ ಕೆಮ್ಮನ್ನು ನಾಲ್ಕು ಭಾಷೆಯಲ್ಲಿ ಕೆಮ್ಮುವ ಮಹನೀಯರು. ಕೆಳಗೆ ಬಾಗಿಲಲ್ಲಿ, ಟಪಾಲಿನಲ್ಲಿ, ಅಡುಗೆಮನೆಯಲ್ಲಿ ಇದ್ದವರು ಬಹುಮಟ್ಟಿಗೆ ಇದೇ ಊರಿನಲ್ಲಿ ಹುಟ್ಟಿ ಬೆಳೆದ ಕಪ್ಪು ಜನ. ಒಬ್ಬರನ್ನು ಬಿಟ್ಟರೆ ಅವರಿಗೆ ಒಂದೇ ಭಾಷೆ. ಮೇಲಿನ ಹುದ್ದೆಗಳಿಗೆ ಎರಡನೆಯ ಭಾಷೆ ಕಡ್ಡಾಯ. ಯಾರೂ ಯಾರನ್ನೂ ತಡೆದಿರಲಿಲ್ಲ. ಭಾಷೆಯೇ ಮೆಟ್ಟಿಲ ಬುಡದಲ್ಲಿ ಕಾವಲು ನಿಂತಿತ್ತು.

ಮಿಸೆಸ್ ಪ್ರೂಯಿಟ್ ಟಪಾಲು ವಿಭಾಗದ ಮೇಲ್ವಿಚಾರಕಿ. ಕಪ್ಪು ಹೆಂಗಸು, ನಿವೃತ್ತಿಗೆ ಹತ್ತಿರದ ವಯಸ್ಸು, ನೆಟ್ಟನೆ ನಡಿಗೆ. ಚರ್ಚಿಗೆ ಹೋಗುವ ಹ್ಯಾಟನ್ನೇ ಕಚೇರಿಗೂ ಹಾಕಿ ಬರುತ್ತಿದ್ದರು. ಒಮ್ಮೆ ಎಲಿವೇಟರಿನಲ್ಲಿ ಮೇಲಿನ ಮಹಡಿಯ ಇಬ್ಬರು ಅಧಿಕಾರಿಗಳು ಅವರ ಹ್ಯಾಟನ್ನು ನೋಡಿ, ಇದು ಟೋಪಿಯೋ ಹಣ್ಣಿನ ಬುಟ್ಟಿಯೋ ಎಂದು ಫ್ರೆಂಚಿನಲ್ಲಿ ಗಂಭೀರ ಚರ್ಚೆ ನಡೆಸಿದರಂತೆ. ಮಿಸೆಸ್ ಪ್ರೂಯಿಟ್ ತಮ್ಮ ಮಹಡಿಯಲ್ಲಿ ಇಳಿದು, ಹಿಂದಕ್ಕೆ ತಿರುಗಿ, ಅದೇ ಫ್ರೆಂಚಿನಲ್ಲಿ, "ಹಣ್ಣುಗಳು ಮೇಣದವು ಮಹನೀಯರೇ, ಹಸಿವಾಗಿದ್ದರೆ ಕ್ಯಾಂಟೀನು ಎಡಕ್ಕೆ" ಎಂದರಂತೆ. ಆ ಇಬ್ಬರೂ ಅಂದಿನಿಂದ ಆರೋಗ್ಯದ ದೃಷ್ಟಿಯಿಂದ ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

ಅವರಿಗೆ ಫ್ರೆಂಚು ಬಂದದ್ದು ಸೌತ್ ಕ್ಯಾರೊಲಿನಾದ ಒಂದು ಸಣ್ಣ ಊರಿನಲ್ಲಿ, ಕಪ್ಪು ಮಕ್ಕಳಿಗೇ ಬೇರೆ ಶಾಲೆಯಿದ್ದ ಕಾಲದಲ್ಲಿ. ಕಲಿಸಿದ ಟೀಚರಮ್ಮ ಫ್ರಾನ್ಸು ನೋಡಿರಲಿಲ್ಲ; ಅವರಿಗೆ ಕಲಿಸಿದವರೂ ನೋಡಿರಲಿಲ್ಲ. ಸ್ವಂತ ಊರಿನ ಗ್ರಂಥಾಲಯದೊಳಗೆ ಕಾಲಿಡುವ ಹಾಗಿಲ್ಲದ ಮಕ್ಕಳಿಗೆ, ಪ್ಯಾರಿಸ್ಸಿನಲ್ಲಿ ಗ್ರಂಥಾಲಯಕ್ಕೆ ದಾರಿ ಕೇಳುವುದು ಹೇಗೆಂದು ಕಲಿಸುತ್ತಿದ್ದರು.

"ನಗು ಬರ್ತಿರಲಿಲ್ವಾ?" ಎಂದು ನಾನು ಕೇಳಿದೆ. (ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷಿಗಿದ್ದ ಬಿಸಿ ನನ್ನ ಕನ್ನಡಕ್ಕೆ ಬಂದೀತೆಂಬ ಭರವಸೆ ನನಗಿಲ್ಲ. ನೀವು ಸ್ವಲ್ಪ ಕಾಯಿಸಿಕೊಂಡು ಓದಬೇಕು.)

"ನಗೋಕೆ ಏನಿತ್ತು ಮಿಸ್ಟರ್ ಮೂರ್ತಿ? ಒಂದು ಗ್ರಂಥಾಲಯಕ್ಕಾದ್ರೂ ದಾರಿ ಗೊತ್ತಾಯ್ತಲ್ಲ."

ನಾನು ಅವರ ಕೈಗೆ ಸಿಕ್ಕಿಬಿದ್ದದ್ದು ಕ್ಯಾಂಟೀನಿನಲ್ಲಿ. ಒಂದೇ ಮಧ್ಯಾಹ್ನ ಒಬ್ಬರೊಡನೆ ತಮಿಳಿನಲ್ಲಿ ಹವಾಮಾನ, ಇನ್ನೊಬ್ಬರೊಡನೆ ತೆಲುಗಿನಲ್ಲಿ ವೀಸಾ, ಮತ್ತೊಬ್ಬರೊಡನೆ ಹಿಂದಿಯಲ್ಲಿ ಮೊಣಕಾಲು ನೋವು ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು. ಊಟದ ಟ್ರೇ ಹಿಡಿದು ನನ್ನೆದುರು ಬಂದು ಕೂತರು.

"ಎಷ್ಟು ಭಾಷೆ ಬರುತ್ತೆ ನಿಮಗೆ?"

"ಐದು ಅನ್ನಬಹುದು."

"ಯಾರು ಕಲಿಸಿದ್ರು?"

ಯಾರು ಕಲಿಸಿದರು? ತಮಿಳು ಪಕ್ಕದ ಮನೆಯವರ ನಲ್ಲಿ ಜಗಳದಿಂದ ಬಂತು, ತೆಲುಗು ಟೆಂಟ್ ಸಿನಿಮಾದಿಂದ, ಹಿಂದಿ ಮಾರ್ಕು ಕಳೆಯುವ ಭಯದಿಂದ. ಇದನ್ನು ವಿದ್ವತ್ತು ಎನ್ನುವುದಾದರೆ ನೆಗಡಿಯನ್ನೂ ಎನ್ನಬಹುದು. ಆದರೆ ಮಿಸೆಸ್ ಪ್ರೂಯಿಟ್ ಅಷ್ಟರಲ್ಲಿ ನಿರ್ಧಾರ ಮಾಡಿಯಾಗಿತ್ತು. "ಶನಿವಾರ ಬೆಳಗ್ಗೆ ನಮ್ಮ ಚರ್ಚಿಗೆ ಬನ್ನಿ. ನಮ್ಮ ಮಕ್ಕಳು ನಿಮ್ಮನ್ನ ನೋಡಬೇಕು" ಎಂದರು. ಮೃಗಾಲಯದ ಜಿರಾಫೆಗೆ ಇಂಥ ಆಹ್ವಾನ ಬಂದಿದ್ದರೆ ಅದೂ ನನ್ನಷ್ಟೇ ಹಿಗ್ಗುತ್ತಿತ್ತು.

ನಮ್ಮ ಕನ್ನಡ ಬಳಗದ ಗೆಳೆಯರೊಬ್ಬರಿಗೆ ಈ ವಿಷಯ ಹೇಳಿದೆ. ಅವರು ಆ ಬೀದಿಯ ಹೆಸರು ಕೇಳಿ, ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟರು. "ಆ ಏರಿಯಾಗಾ? ಕಾರ್ ಲಾಕ್ ಮಾಡ್ಕೊಳ್ಳಿ ಮೂರ್ತಿ. ವಾಚ್ ಮನೇಲಿ ಬಿಡಿ." ಆಮೇಲೆ ಚಕ್ಕುಲಿ ಮುಂದುವರಿಸಿದರು. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿದ್ದು ಒಬ್ಬ ಕಪ್ಪು ಮನುಷ್ಯನ ಮನೆಯಲ್ಲೂ ಒಂದು ಲೋಟ ನೀರು ಕುಡಿಯದವರು ಅವರು. ನಾನೂ ಅಲ್ಲಿಯವರೆಗೆ ಕುಡಿದಿರಲಿಲ್ಲ.

ಚರ್ಚು ಇಟ್ಟಿಗೆಯದು, ಬಾಗಿಲು ಕೆಂಪು. ಫ್ರೆಂಚು ನಡೆಯುತ್ತಿದ್ದುದು ಅದರ ನೆಲಮಾಳಿಗೆಯಲ್ಲಿ. ಕಟ್ಟಡವನ್ನು ಬೆಚ್ಚಗಿಡುವ ಉಗಿಯ ಕೊಳವೆಗಳು ತಲೆಯ ಮೇಲೆ ಗೊರಕೆ ಹೊಡೆಯುತ್ತಿದ್ದವು. ಮಡಿಸುವ ಕಬ್ಬಿಣದ ಕುರ್ಚಿಗಳಲ್ಲಿ ಹಲವು ವಯಸ್ಸಿನ ಮಕ್ಕಳು. ಅವರ ಶಾಲೆಯಲ್ಲಿ ಫ್ರೆಂಚು ನಿಲ್ಲಿಸಿಬಿಟ್ಟಿದ್ದರಂತೆ. ಈ ಮಕ್ಕಳಿಗೆ ಅದು ಬೇಕಾಗುವುದಿಲ್ಲ, ಟೈಪಿಂಗ್ ಕಲಿಯಲಿ ಎಂದು ಅಲ್ಲಿ ಯಾರೋ ತೀರ್ಮಾನಿಸಿದ್ದರಂತೆ. ಮಿಸೆಸ್ ಪ್ರೂಯಿಟ್ ಮನೆಮನೆಗೆ ಹೋಗಿ ಮಕ್ಕಳನ್ನು ಹಿಡಿದು ತಂದಿದ್ದರು. ಕೆಲವರು ಫ್ರೆಂಚಿಗೆ ಬಂದಿದ್ದರು, ಕೆಲವರು ಕೊನೆಯಲ್ಲಿ ಸಿಗುವ ಬಿಸ್ಕತ್ತಿಗೆ. ವಿದ್ಯೆಯ ಇತಿಹಾಸದಲ್ಲಿ ಎರಡೂ ಗೌರವದ ಕಾರಣಗಳೇ.

"ಇವರು ಮಿಸ್ಟರ್ ಮೂರ್ತಿ. ಐದು ಭಾಷೆ ಮಾತಾಡ್ತಾರೆ. ನೀವು ಎರಡಕ್ಕೇ ಮುಖ ಸಿಂಡರಿಸ್ತೀರಲ್ಲ, ನೋಡ್ಕೊಳ್ಳಿ ಸರಿಯಾಗಿ" ಎಂದು ನನ್ನನ್ನು ಪ್ರತಿಷ್ಠಾಪಿಸಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಡೆನೀಸ್ ಎಂಬ ಹುಡುಗಿ ಕೈಯೆತ್ತಿದಳು. ಹದಿನೇಳರ ವಯಸ್ಸು, ಬಿಗಿಯಾಗಿ ಹೆಣೆದ ಜಡೆಗಳು, ಯಾರನ್ನೂ ಸುಲಭಕ್ಕೆ ನಂಬದ ಕಣ್ಣು. "ನಿಮಗೆ ಮಕ್ಕಳಿದ್ದಾರಾ ಸರ್? ಅವರಿಗೂ ಐದು ಬರುತ್ತಾ?"

"ಒಬ್ಬಳು ಮಗಳಿದ್ದಾಳೆ. ಐದೂ ಅರ್ಥ ಆಗುತ್ತೆ. ಐದಕ್ಕೂ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ" ಎಂದೆ.

ಸಭೆ ನಕ್ಕಿತು. ಡೆನೀಸ್ ನಗಲಿಲ್ಲ. "ಅಂದ್ರೆ ಅವಳಿಗೆ ಬೇಕಾಗಿಲ್ಲ. ನಮಗೆ ಬೇಕು" ಎಂದಳು.

ಆಮೇಲೆ ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ ಎಂದು ಮಕ್ಕಳು ಒತ್ತಾಯಿಸಿದರು. ಎಂಥ ವಿದ್ವಾಂಸನಿಗೂ ಆ ಕ್ಷಣದಲ್ಲಿ ಹೊಟ್ಟೆಯದೇ ಮಾತು ಹೊಳೆಯುವುದು. "ಊಟ ಆಯ್ತಾ" ಎಂದೆ. ನಾನು ಕೇಳಿಕೊಳ್ಳುವ ಮೊದಲೇ ಇಡೀ ನೆಲಮಾಳಿಗೆ "ಊಟ ಆಯ್ತಾ" ಎಂದಿತು. ಉಚ್ಚಾರ ಅಚ್ಚುಕಟ್ಟು; ಒಬ್ಬೊಬ್ಬ ಮಗುವೂ ಚಾಮರಾಜಪುರದಿಂದ ಬಂದ ಹಾಗೆ. ಮೈಸೂರಿನ ಹೆಂಚಿನ ಶಾಲೆ ಪೊಟೊಮ್ಯಾಕ್ ನದಿಯ ದಡದಲ್ಲಿ ಎದ್ದು ನಿಂತ ಹಾಗಾಯಿತು.

ಇದು ಅವರ ಪದ್ಧತಿ. ಹಿಂದೆ ಗುಲಾಮರಾಗಿದ್ದವರಿಗೆ ಓದುಬರಹ ಕಲಿಯಲು ಬಿಡದಿದ್ದ ಕಾಲದಲ್ಲಿ ಹಾಡಿನ ಪುಸ್ತಕ ಯಾರ ಕೈಯಲ್ಲೂ ಇರುತ್ತಿರಲಿಲ್ಲವಲ್ಲ. ಹಿರಿಯರೊಬ್ಬರು ಎದ್ದು ನಿಂತು ಒಂದು ಸಾಲು ಹೇಳಿಕೊಡುವುದು, ಸಭೆಯೆಲ್ಲ ಅದನ್ನು ಎಳೆದು ಎಳೆದು ಹಾಡುವುದು, ಮತ್ತೆ ಮುಂದಿನ ಸಾಲು. ಆ ಚರ್ಚಿನಲ್ಲಿ ಸಾಲು ಹೇಳಿಕೊಡುವುದರಲ್ಲಿ ಹೆಸರಾದವರು ಡೀಕನ್ ಹಾರ್ವಿ. ಡೀಕನ್ ಎಂದರೆ ನಮ್ಮ ದೇವಸ್ಥಾನದ ಧರ್ಮದರ್ಶಿ ಇದ್ದಂತೆ, ಆದರೆ ಕೊನೆಯಲ್ಲಿ ಕುರ್ಚಿಗಳನ್ನೂ ಇವರೇ ಮಡಿಸಿಡಬೇಕು. ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಸಾಲು ಕೊಟ್ಟರೆ ಗೋಡೆಯೂ ಹಾಡೀತು. ಮಿಸೆಸ್ ಪ್ರೂಯಿಟ್ ಇದೇ ಪದ್ಧತಿಯಲ್ಲಿ ಫ್ರೆಂಚು ಕಲಿಸುತ್ತಿದ್ದರು. ಅವರು ಒಂದು ವಾಕ್ಯ ಹೇಳುವುದು, ಮಕ್ಕಳು ತಲೆದೂಗುತ್ತ ಅದನ್ನು ಎತ್ತಿಕೊಳ್ಳುವುದು. ರೈಲು ನಿಲ್ದಾಣದಲ್ಲಿ ಟಿಕೆಟು ಕೇಳುವ ಪಾಠ ಅವರ ಬಾಯಲ್ಲಿ ಪ್ರಾರ್ಥನೆಯ ಹಾಗೆ ಕೇಳಿಸುತ್ತಿತ್ತು. ಆ ರೈಲು ಸ್ವರ್ಗದಲ್ಲಿ ಮಾತ್ರ ನಿಲ್ಲುವಂಥದು.

"ಇದೇ ಸರಿಯಾದ ದಾರಿ, ನಾವೂ ಹೀಗೇ ಕಲಿತದ್ದು" ಎಂದು ನಾನು ಬಹುಭಾಷಾ ಕೋವಿದನ ಗತ್ತಿನಲ್ಲಿ ಅಭಿಪ್ರಾಯ ದಯಪಾಲಿಸಿದೆ. ಎರಡು ಖಂಡಗಳ ಕೋರಸ್ಸು ಒಂದಕ್ಕೊಂದು ತಲೆದೂಗಿತು. ಏಳೆಂಟ್ಲಿ ಐವತ್ತಾರು ನಮ್ಮ ಯಾರ ನೆನಪಿಗೂ ಬರಲಿಲ್ಲ.

ಡೀಕನ್ ಹಾರ್ವಿಗೆ ಮಾತ್ರ ಈ ಫ್ರೆಂಚು ಹಿಡಿಸಿರಲಿಲ್ಲ. ಅವರಿಗೆ ಶನಿವಾರದ ನೆಲಮಾಳಿಗೆ ಬೇಕಾಗಿತ್ತು. ಆ ಬೀದಿಯಲ್ಲಿ ಒಂಟಿಯಾಗಿರುವ ಮುದುಕರಿಗೆ ವಾರಕ್ಕೊಮ್ಮೆ ಬಿಸಿ ಊಟ ಹಾಕಬೇಕೆಂದು ಅವರ ಆಸೆ. ಅನ್ನ ಹಾಕುವೆನೆಂಬುವನನ್ನು ಖಳನಾಯಕ ಮಾಡುವುದು ಹೇಗೆ? ನಾನು ಪ್ರಯತ್ನಿಸಿ ಸೋತೆ.

"ಸಿಸ್ಟರ್ ಪ್ರೂಯಿಟ್, ಈ ಬೀದಿಯಲ್ಲಿ ಫ್ರೆಂಚ್ ಮಾತಾಡೋರು ಯಾರಿದ್ದಾರೆ ಹೇಳಿ" ಎನ್ನುತ್ತಿದ್ದರು; ಆ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರ್‌ಗಳೇ.

"ಈ ಬೀದಿ ಇಲ್ಲಿಗೇ ಮುಗಿಯುತ್ತೆ ಅಂತ ನಿಮಗೆ ಯಾರು ಹೇಳಿದ್ರು ಡೀಕನ್? ನೀವು ಬಸ್ ಓಡಿಸಿದೋರು."

"ಓಡಿಸಿದೀನಿ. ಕೊನೇ ಸ್ಟಾಪಲ್ಲಿ ತಿರುಗಿಸ್ಕೊಂಡು ವಾಪಸ್ ಬಂದಿದೀನಿ."

ಕೊನೆಗೆ ಚರ್ಚಿನ ಹಿರಿಯರು ಒಂದು ತೀರ್ಪು ಕೊಟ್ಟರು. ಆಫ್ರಿಕಾದ ಸೆನೆಗಲ್ ದೇಶದಲ್ಲಿ ಫ್ರೆಂಚು ನಡೆಯುತ್ತದೆ. ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಒಂದು ಕಾಲೇಜಿನವರು ಹೈಸ್ಕೂಲು ಮಕ್ಕಳನ್ನು ಬೇಸಿಗೆಗೆ ಅಲ್ಲಿಗೆ ಕಳಿಸುತ್ತಿದ್ದರು. ಫ್ರೆಂಚಿನಲ್ಲಿ ಸಂದರ್ಶನ, ಆಯ್ಕೆಯಾದರೆ ಖರ್ಚೆಲ್ಲ ಅವರದೇ. ಡೆನೀಸ್ ಆ ವರ್ಷವೇ ಶಾಲೆ ಮುಗಿಸುತ್ತಿದ್ದಳು, ಆದ್ದರಿಂದ ಅವಳಿಗೆ ಇದೊಂದೇ ಅವಕಾಶ. ಅವಳು ಆಯ್ಕೆಯಾದರೆ ಸೆಪ್ಟೆಂಬರಿನಲ್ಲಿ ತರಗತಿ ಮುಂದುವರಿಯಲಿ, ಇಲ್ಲವಾದರೆ ನೆಲಮಾಳಿಗೆ ಊಟಕ್ಕೆ. ಇಷ್ಟು ಶತಮಾನ ಹಾಡಿದ ಹಾಡಿಗೆ ಯಾರೂ ಫಲ ಕೇಳಿರಲಿಲ್ಲ. ಫ್ರೆಂಚಿಗೆ ಕೇಳಿದರು.

ಡೆನೀಸ್ ಅಜ್ಜಿಯ ಮನೆಯಲ್ಲಿ ಬೆಳೆದವಳು. ಆ ಊರು ಬಿಟ್ಟು ಅವಳು ಹೋಗಿದ್ದ ಅತಿ ದೂರದ ಜಾಗವೆಂದರೆ ಯಾರದೋ ಶವಸಂಸ್ಕಾರಕ್ಕೆ ಬಾಲ್ಟಿಮೋರ್. ಒಮ್ಮೆ ಪಾಠ ಮುಗಿದ ಮೇಲೆ ಕುರ್ಚಿ ಮಡಿಸುತ್ತ ನನ್ನನ್ನು ಕೇಳಿದಳು: "ಸರ್, ಬೇರೆ ದೇಶದಲ್ಲಿ ಇಳಿದಾಗ ಮೊದಲು ಏನನ್ಸುತ್ತೆ?"

"ಶೂ ಬಿಗಿಯಾಗಿದೆ ಅನ್ಸುತ್ತೆ. ವಿಮಾನದಲ್ಲಿ ಕಾಲು ಊದಿರುತ್ತೆ."

"ತಮಾಷೆ ಬೇಡ ಸರ್."

ನಾನು ಸ್ವಲ್ಪ ಯೋಚಿಸಿದೆ. "ನಿನ್ನ ಬಗ್ಗೆ ಅಲ್ಲಿ ಯಾರಿಗೂ ಏನೂ ಗೊತ್ತಿರಲ್ಲ. ನೀನೇ ಹೇಳಬೇಕು."

"ಅದೇ ನನಗೆ ಬೇಕಾಗಿರೋದು" ಎಂದು ಕುರ್ಚಿಯನ್ನು ಟಪ್ಪೆಂದು ಮಡಿಸಿದಳು. "ಇಲ್ಲಿ ಎಲ್ಲರಿಗೂ ನನ್ನ ಬಗ್ಗೆ ಮೊದಲೇ ಗೊತ್ತು. ನಾನು ಬಾಯಿ ಬಿಡೋಕೆ ಮುಂಚೆ."

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಚರ್ಚಿನ ವ್ಯಾನು ಡರ್ಹಮ್‌ಗೆ ಹೊರಟಿತು. ವ್ಯಾನಿಗೆ ಡೀಕನ್ ಹಾರ್ವಿಯನ್ನು ಬಿಟ್ಟರೆ ಬೇರೆ ಚಾಲಕರಿರಲಿಲ್ಲ. ತಮಗೆ ಬೇಡದ ಫ್ರೆಂಚನ್ನು ಅವರೇ ಹೊತ್ತುಕೊಂಡು ಹೋಗಬೇಕಾಯಿತು. ಸಂದರ್ಶನ ಡೆನೀಸ್‌ಗೆ ಮಾತ್ರ, ಆದರೆ ಇಡೀ ತರಗತಿ ಜೊತೆಗೆ ಹತ್ತಿತು. ಮದುವೆಯ ದಿಬ್ಬಣದ ಹಾಗೆ. ನಾನು ಮುಂದಿನ ಸೀಟಿನಲ್ಲಿ, ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಗಳ ರಕ್ಷಕನಾಗಿ. "ಫ್ರೆಂಚ್ ಒಂದಕ್ಷರ ಬರಲ್ಲ, ನೀವ್ಯಾಕ್ರೀ ಹೋಗೋದು?" ಎಂದು ಅವಳು ಕೇಳಿದ್ದಳು. ದಿಬ್ಬಣದಲ್ಲಿ ಅಂಥ ಒಬ್ಬ ಇದ್ದೇ ಇರುತ್ತಾನೆ.

ವರ್ಜೀನಿಯಾ ದಾಟುವವರೆಗೂ ಫ್ರೆಂಚು ಕಿಟಕಿಯಿಂದ ಹೊರಗೆ ಚೆಲ್ಲುತ್ತಿತ್ತು. ಮಿಸೆಸ್ ಪ್ರೂಯಿಟ್ ಸಾಲು ಕೊಡುವುದು, ಮಕ್ಕಳು ಎತ್ತಿಕೊಳ್ಳುವುದು. ಡೀಕನ್ ಹಾರ್ವಿಯ ಬೆರಳೂ ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿತ್ತು. ನಾನು ನೋಡಿದ ಕೂಡಲೇ ನಿಲ್ಲಿಸಿದರು.

"ಸುಮ್ನೆ. ಕೈ ಜೋಮು ಹಿಡಿದಿತ್ತು" ಎಂದರು.

ಕಾಲೇಜಿನ ಕಾರಿಡಾರಿನಲ್ಲಿ ಉದ್ದನೆಯ ಬೆಂಚು. ಮಕ್ಕಳು ಹೊರಗೆ ಹುಲ್ಲಿನ ಮೇಲೆ ಇದ್ದರು. ನಾವು ಮೂವರು ಹಿರಿಯರು ಬೆಂಚಿನ ಮೇಲೆ, ಹೆರಿಗೆ ಆಸ್ಪತ್ರೆಯಲ್ಲಿ ಕೂತವರ ಹಾಗೆ. ಸಂದರ್ಶನದ ಕೋಣೆಯ ಬಾಗಿಲಲ್ಲಿ ಒಂದು ಗಾಜಿನ ಕಿಂಡಿ ಇತ್ತು. ಅದರಿಂದ ಡೆನೀಸ್‌ಳ ಬೆನ್ನು ಕಾಣುತ್ತಿತ್ತು, ಎದುರಿಗೆ ಒಬ್ಬ ಪ್ರಾಧ್ಯಾಪಕರು. ಸೆನೆಗಲ್‌ನವರೇ, ಎತ್ತರದ, ಮೃದು ಮುಖದ ಮನುಷ್ಯ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಮಾತು ಕೇಳಿಸುತ್ತಿತ್ತು.

ಮೊದಲು ನಮಸ್ಕಾರ, ಕ್ಷೇಮಸಮಾಚಾರ. ಡೆನೀಸ್‌ಳ ದನಿ ಗಂಟೆಯ ಹಾಗಿತ್ತು. ಪ್ರಾಧ್ಯಾಪಕರ ಮುಖ ಅರಳಿತು. ಆಮೇಲೆ ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು, ಹಿಂದಕ್ಕೆ ಒರಗಿ, ಏನೋ ಒಂದು ಸಣ್ಣ ಪ್ರಶ್ನೆ ಕೇಳಿದರು.

"ಏನಂತೆ?" ಎಂದು ನಾನು ಪಿಸುಗುಟ್ಟಿದೆ.

"ನಿನ್ನ ಬೀದಿಯ ಬಗ್ಗೆ ಹೇಳು ಅಂತ" ಎಂದರು ಮಿಸೆಸ್ ಪ್ರೂಯಿಟ್. ಅವರ ಮುಖ ಹಗುರಾಯಿತು. ಇಷ್ಟು ಸುಲಭದ ಪ್ರಶ್ನೆ.

ಒಳಗೆ ಮಾತಿಲ್ಲ. ಡೆನೀಸ್ ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದಾಳೆಂದು ನಮಗೆ ಮೊದಲು ಹೊಳೆಯಲಿಲ್ಲ. ಅವಳು ಮೆಲ್ಲಗೆ ತಲೆ ತಿರುಗಿಸಿ, ಭುಜದ ಮೇಲಿಂದ, ಗಾಜಿನ ಕಿಂಡಿಯ ಕಡೆ ನೋಡಿದಳು. ಸಾಲು ಬರಬೇಕಾದದ್ದು ಅಲ್ಲಿಂದ. ನನ್ನ ಪಕ್ಕದಲ್ಲಿ ಮಿಸೆಸ್ ಪ್ರೂಯಿಟ್‌ರ ತುಟಿ ಅಲ್ಲಾಡಿತು. ದನಿ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅವರ ಕೈಚೀಲದ ಹಿಡಿ ಕಿರುಗುಟ್ಟಿದ್ದು ಮಾತ್ರ ನನಗೆ ಕೇಳಿಸಿತು.

ಡೆನೀಸ್ ಮುಂದಕ್ಕೆ ತಿರುಗಿ, ಬೆನ್ನು ನೆಟ್ಟಗೆ ಮಾಡಿ, ಶುರುಮಾಡಿದಳು. ರೈಲು ನಿಲ್ದಾಣದ ಪಾಠ. ಟಿಕೆಟು ಕೊಡಿ, ರೈಲು ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ. ಒಂದು ತಪ್ಪಿಲ್ಲ. ಅಲ್ಲಿಂದ ಹೊರಟರೆ ಎಲ್ಲಾದರೂ ಒಂದು ಕಡೆ ತನ್ನ ಬೀದಿ ಸಿಕ್ಕೀತೆಂದು ಹೊರಟವಳ ಹಾಗೆ ಹೇಳುತ್ತ ಹೋದಳು. ಪ್ರಾಧ್ಯಾಪಕರು ತಡೆಯಲಿಲ್ಲ. ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು. ಅವರು ತಡೆದು ಗದರಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ಅವರೇ ಹೊರಗೆ ಬಂದರು. ಮಿಸೆಸ್ ಪ್ರೂಯಿಟ್ ಎದ್ದು ನಿಂತರು. ಪ್ರಾಧ್ಯಾಪಕರು ಫ್ರೆಂಚಿನಲ್ಲೇ ಮಾತಾಡಿದರು, ಇವರೂ ಫ್ರೆಂಚಿನಲ್ಲೇ ಉತ್ತರ ಕೊಟ್ಟರು. ಆ ಮನುಷ್ಯ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಸೌತ್ ಕ್ಯಾರೊಲಿನಾದ ಆ ಟೀಚರಮ್ಮನ ಫ್ರೆಂಚು ಕೊನೆಗೂ ಫ್ರೆಂಚಿನ ನಾಡಿನಿಂದ ಬಂದವರೊಬ್ಬರ ಹತ್ತಿರ ತಡೆಯಿಲ್ಲದೆ ಮಾತಾಡಿತು, ಇಂಥ ಸುದ್ದಿ ಕೇಳಿಸಿಕೊಳ್ಳುವುದಕ್ಕೆ. ನನಗೆ ಒಂದು ಶಬ್ದವೂ ಗೊತ್ತಾಗಲಿಲ್ಲ. ವಿಷಯ ಗೊತ್ತಾಯಿತು.

ಡೀಕನ್ ಹಾರ್ವಿ ಹ್ಯಾಟು ಕೈಯಲ್ಲಿ ಹಿಡಿದು ಎದ್ದರು. "ಏನಂತೆ ಸಿಸ್ಟರ್?"

"ಉಚ್ಚಾರ ಬಹಳ ಚೆನ್ನಾಗಿದೆಯಂತೆ" ಎಂದರು ಮಿಸೆಸ್ ಪ್ರೂಯಿಟ್. "ಊಟದ ಮೇಜುಗಳನ್ನ ತರಿಸಿ ಡೀಕನ್."

ಡೀಕನ್ ಹಾರ್ವಿ ಹ್ಯಾಟನ್ನು ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿದರು. ಗೆದ್ದವರ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿಲ್ಲ.

ನೀವು ಮುಂದಿನ ಕಥೆ ಕೇಳುವವರೇ ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಊಟ ಶುರುವಾಯಿತು, ಒಳ್ಳೆಯ ಊಟ, ನಾನೂ ಒಂದೆರಡು ಸಲ ಬಡಿಸಿ ಬಂದೆ. ಡೆನೀಸ್ ಒಂದು ವಿಮಾ ಕಂಪನಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಮಿಸೆಸ್ ಪ್ರೂಯಿಟ್ ನಿವೃತ್ತರಾಗಿ ತಂಗಿಯ ಜೊತೆ ಇರಲು ಅಟ್ಲಾಂಟಾಗೆ ಹೋದರು. ಕ್ರಿಸ್‌ಮಸ್ಸಿಗೆ ಒಂದು ಫೋನು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ನಾನೇ ಮಾಡಿದೆ. ತಂಗಿ ಎತ್ತಿಕೊಂಡು, ನೀವು ಯಾರು ಎಂದು ಕೇಳಿ, ಆಮೇಲೆ ಅಕ್ಕ ತೀರಿಕೊಂಡ ಸುದ್ದಿ ಹೇಳಿದರು. ಆ ಕಚೇರಿಯ ಎಲಿವೇಟರಿನಲ್ಲಿ ಮೇಲೆ ಹೋದಂತೆಲ್ಲ ಇವತ್ತಿಗೂ ಭಾಷೆಗಳು ಹೆಚ್ಚುತ್ತವೆ.

ಆದರೆ ಆ ಸಂಜೆಯ ವ್ಯಾನಿನದು ಇನ್ನೂ ಸ್ವಲ್ಪ ಉಳಿದಿದೆ.

ವಾಪಸು ಬರುವಾಗ ಯಾರೂ ಹಾಡಲಿಲ್ಲ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಚಿತ್ರಾನ್ನ ತಿಂದರು. ಖಾರವಾಗಿದೆ ಎಂದು ದೂರುವ ಉತ್ಸಾಹವೂ ಯಾರಿಗೂ ಇರಲಿಲ್ಲ. ಡೆನೀಸ್ ಹಿಂದಿನ ಸೀಟಿನ ಮೂಲೆಯಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಸಣ್ಣ ಮಕ್ಕಳಿಗೆ ಏನಾಯಿತೆಂದು ಯಾರೂ ವಿವರಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ಮಿಸೆಸ್ ಪ್ರೂಯಿಟ್ ಹ್ಯಾಟು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರ ತಲೆ ಪೂರ್ತಿ ಬೆಳ್ಳಗಿದೆ ಎಂದು ನನಗೆ ಅಂದೇ ಗೊತ್ತಾದದ್ದು.

ವರ್ಜೀನಿಯಾದೊಳಗೆ ಬಹಳ ದೂರ ಬಂದಿದ್ದೆವು. ಹಿಂದಿನಿಂದ ಒಂದು ದನಿ ಬಂತು. ಫ್ರೆಂಚು. ಹಾಡಿನ ಎಳೆತವಿಲ್ಲ, ಗಂಟೆಯ ನಾದವೂ ಇಲ್ಲ. ಗೊಗ್ಗರು ದನಿ, ತಡೆದು ತಡೆದು ಬರುತ್ತಿತ್ತು. ಡೆನೀಸ್ ಕಿಟಕಿಯ ಕಡೆಯೇ ಮುಖ ಮಾಡಿ ಮಾತಾಡುತ್ತಿದ್ದಳು. ಅಭ್ಯಾಸಬಲದಿಂದ ಒಂದು ಸಣ್ಣ ಹುಡುಗಿ ಅವಳ ಮೊದಲ ವಾಕ್ಯವನ್ನು ಹಿಂದೆಯೇ ಹೇಳಹೊರಟಳು. ಮಿಸೆಸ್ ಪ್ರೂಯಿಟ್ ತಿರುಗದೆಯೇ ಒಂದು ಬೆರಳೆತ್ತಿದರು. ಹುಡುಗಿ ನಿಲ್ಲಿಸಿದಳು. ನಾನೂ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ.

ಅವಳು ಒಂದು ಮಾತು ಸಿಗದೆ ನಿಲ್ಲುತ್ತಿದ್ದಳು, ಹುಡುಕುತ್ತಿದ್ದಳು, ಸಿಗದಿದ್ದರೆ ಅಲ್ಲೊಂದು ಇಂಗ್ಲಿಷ್ ಮಾತು ಇಟ್ಟು ದಾಟುತ್ತಿದ್ದಳು. ವ್ಯಾಕರಣ ಬಹುಶಃ ಮೈತುಂಬ ಗಾಯವಾಗಿ ಬಿದ್ದಿರಬೇಕು; ಮಿಸೆಸ್ ಪ್ರೂಯಿಟ್ ಒಂದು ಸಲವೂ ತಿದ್ದಲಿಲ್ಲ. ನನಗೆ ನಡುನಡುವೆ ಹೆಸರುಗಳು ಮಾತ್ರ ತಿಳಿದವು. ಬೀದಿಯ ಹೆಸರು. ಮೂಲೆಯ ಕ್ಷೌರದಂಗಡಿಯವನ ಹೆಸರು. ಅಜ್ಜಿ. ಬಸ್ಸಿನ ನಂಬರು. ಡೀಕನ್ ಹಾರ್ವಿ. ಒಂದು ಕಡೆ ಅವಳು ನಕ್ಕಳು. ಮಿಸೆಸ್ ಪ್ರೂಯಿಟ್ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಡೀಕನ್ ಹಾರ್ವಿ ಮುಂದಿನ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. ಪಕ್ಕದ ಲಾರಿಗಳನ್ನೆಲ್ಲ ಮುಂದೆ ಹೋಗಲು ಬಿಟ್ಟು ವ್ಯಾನಿನ ವೇಗ ಇಳಿಸಿದರು.

"ನನ್ನ ಹೆಸರು ಕೇಳಿಸ್ತು" ಎಂದರು ಮೆಲ್ಲಗೆ. "ಏನು ಹೇಳ್ತಿದಾಳೆ ಸಿಸ್ಟರ್ ಪ್ರೂಯಿಟ್, ನನ್ನ ಬಗ್ಗೆ?"

ಮಿಸೆಸ್ ಪ್ರೂಯಿಟ್ ಕಣ್ಣು ತೆರೆಯಲಿಲ್ಲ.

"ಸೆಪ್ಟೆಂಬರ್‌ನಲ್ಲಿ ಕ್ಲಾಸಿಗೆ ಬನ್ನಿ ಡೀಕನ್. ಗೊತ್ತಾಗುತ್ತೆ."

ಸೆಪ್ಟೆಂಬರಿನಲ್ಲಿ ಕ್ಲಾಸು ಇರುವುದಿಲ್ಲವೆಂದು ನಮ್ಮ ಮೂವರಿಗೂ ಗೊತ್ತಿತ್ತು. ಡೀಕನ್ ಹಾರ್ವಿ "ಬರ್ತೀನಿ" ಎಂದರು.